ಅಪರೂಪದ ಮಾಂಸ ಮತ್ತು ಮೂತ್ರಪಿಂಡ ರೋಗಿ: ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಮೂತ್ರಪಿಂಡ ಕಾಯಿಲೆ ಇರುವವರ ಆಹಾರದ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಉಪ್ಪು, ಹಣ್ಣು, ಬೇಳೆಕಾಳುಗಳ ಸುತ್ತಲೇ ತಿರುಗುತ್ತವೆ. ಮಾಂಸದ ಪ್ರಸ್ತಾಪ ಬಂದರೆ ‘ಮಾಂಸಾಹಾರ ಮಿತವಾಗಿರಲಿ’ ಎಂಬ ಒಂದು ಸಾಲಿಗೆ ಮಾತು ಮುಗಿಯುತ್ತದೆ. ಇನ್ನೊಂದು ಕಡೆ, ಅದೇ ಪುಟಗಳ ಪಕ್ಕದಲ್ಲಿಯೂ ಮೊಬೈಲ್‌ಗೆ ಬರುವ ಸಂದೇಶಗಳಲ್ಲಿಯೂ ಅಪರೂಪದ ಪ್ರಾಣಿಗಳ ಗುಣಗಾನ ನಡೆದೇ ಇರುತ್ತದೆ: ಆಡಿನ ಮೂತ್ರಪಿಂಡ ತಿಂದರೆ ಮನುಷ್ಯನ ಮೂತ್ರಪಿಂಡಕ್ಕೆ ಬಲ, ಮೀನಿನ ಪಿತ್ತ ನುಂಗಿದರೆ ಕಣ್ಣಿಗೆ ಒಳ್ಳೆಯದು, ಬಸವನಹುಳು ಉರಿಯೂತ ಇಳಿಸುತ್ತದೆ, ಮಿಡತೆಯ ಪುಡಿಯಷ್ಟು ಶುದ್ಧವಾದ ಪ್ರೋಟೀನ್ ಇನ್ನೊಂದಿಲ್ಲ, ಇತ್ಯಾದಿ. ಈ ಒಂದು ಸಾಲಿನ ಎಚ್ಚರಿಕೆಗೂ ಆ ಉದ್ದದ ಗುಣಗಾನಕ್ಕೂ ನಡುವೆ ಸಿಕ್ಕಿಕೊಂಡವರು ನನ್ನಂಥ ರೋಗಿಗಳು. ಹಲವು ವರ್ಷಗಳಿಂದ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯೊಂದಿಗೆ ಬದುಕುತ್ತಿರುವವನೂ, ತಟ್ಟೆಯಲ್ಲಿ ಹೊಸದೇನಾದರೂ ಕಂಡರೆ ಕುತೂಹಲ ಕಳೆದುಕೊಳ್ಳದವನೂ ಆದ ನಾನು ಈ ವಿಷಯದಲ್ಲಿ ಓದಿ, ವೈದ್ಯರನ್ನೂ ಆಹಾರತಜ್ಞರನ್ನೂ ಕೇಳಿ ತಿಳಿದುಕೊಂಡದ್ದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ: ಮೂತ್ರಪಿಂಡ ರೋಗಿಯ ಮಟ್ಟಿಗೆ ಪ್ರಾಣಿ ಅಪರೂಪದ್ದೋ ಸಾಮಾನ್ಯದ್ದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಆ ಪ್ರಾಣಿಯ ಯಾವ ಭಾಗ, ಎಷ್ಟು ಗ್ರಾಂ, ಹೇಗೆ ಸಂಸ್ಕರಿಸಿದ್ದು, ತಿನ್ನುವವರ ಕಾಯಿಲೆ ಯಾವ ಹಂತದಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ‘ತಿನ್ನಬಹುದು’, ‘ತಿನ್ನಬಾರದು’ ಎಂಬ ಮಾತು ಬರಬೇಕು. ಮೊಸಳೆಯ ಮಾಂಸವೆಂದರೆ ಹುಬ್ಬೇರಿಸುವ ಜನ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಕೋಳಿಯ ಸಾಸೇಜನ್ನು ಯೋಚಿಸದೆ ತಿನ್ನುತ್ತಾರೆ. ರಂಜಕದ (ಫಾಸ್ಫರಸ್) ಲೆಕ್ಕ ಹಾಕಿದರೆ ಹೆದರಬೇಕಾದದ್ದು ಎರಡನೆಯದಕ್ಕೆ.

ಮೊದಲು ಪ್ರಮಾಣದ ವಿಷಯ. ಮೂತ್ರಪಿಂಡ ಕಾಯಿಲೆಗಳ ಬಗ್ಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ಕೆಡಿಗೊ ಸಂಸ್ಥೆ 2024ರಲ್ಲಿ ಹೇಳಿರುವಂತೆ, ಕಾಯಿಲೆಯ ಐದು ಹಂತಗಳಲ್ಲಿ ಮೂರರಿಂದ ಐದನೆಯದರವರೆಗಿನ, ಡಯಾಲಿಸಿಸ್ ಆರಂಭಿಸಿರದ ವಯಸ್ಕರು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನ್ ತೆಗೆದುಕೊಂಡರೆ ಸಾಕು. ಕಾಯಿಲೆ ಉಲ್ಬಣಿಸುವ ಸಂಭವ ಇರುವವರು ಕಿಲೋಗೆ 1.3 ಗ್ರಾಂ ದಾಟಬಾರದು. 70 ಕಿಲೋ ತೂಕದವರಿಗೆ 0.8ರ ಲೆಕ್ಕದಲ್ಲಿ ದಿನಕ್ಕೆ 56 ಗ್ರಾಂ ಪ್ರೋಟೀನ್ ಆಯಿತು. ಬೇಯಿಸಿದ 100 ಗ್ರಾಂ ಮಾಂಸದಲ್ಲಿ, ಅದು ಮೊಲದ್ದಿರಲಿ, ಉಷ್ಟ್ರಪಕ್ಷಿಯದ್ದಿರಲಿ, ಕೋಳಿಯದ್ದಿರಲಿ, ಹೆಚ್ಚುಕಡಿಮೆ 25ರಿಂದ 30 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ದಿನದ ಅರ್ಧ ಪಾಲು ಅಲ್ಲಿಗೇ ಮುಗಿಯಿತು. ಉಳಿದರ್ಧದಲ್ಲಿ ಧಾನ್ಯ, ಬೇಳೆ, ಹಾಲು, ಎಲ್ಲವೂ ಅಡಗಬೇಕು. ಹೊಸ ಪ್ರಾಣಿಯ ಮಾಂಸ ರುಚಿ ನೋಡಬೇಕೆಂಬ ಆಸೆ ಇರುವವರು ಅದನ್ನು ಊಟದ ಮೇಲೆ ಸೇರಿಸದೆ, ಆ ಹೊತ್ತಿನ ಮಾಂಸದ ಜಾಗದಲ್ಲಿ ಅಷ್ಟೇ ತೂಕಕ್ಕೆ ಇಟ್ಟುಕೊಂಡರೆ ಲೆಕ್ಕ ಕೆಡುವುದಿಲ್ಲ. ಗೌಜಲಹಕ್ಕಿ, ಮೊಲ, ಕಪ್ಪೆಯ ಕಾಲು, ಮೊಸಳೆ ಇವೆಲ್ಲವೂ ಸ್ನಾಯುಮಾಂಸವಾದ್ದರಿಂದ ಅವುಗಳ ಗುಣ ಒಂದೇ ತೆರ. ಅವುಗಳಲ್ಲಿ ಮೂತ್ರಪಿಂಡವನ್ನು ಕಾಪಾಡುವ ವಿಶೇಷ ಶಕ್ತಿಯೂ ಇಲ್ಲ, ಅದನ್ನು ಕೆಡಿಸುವ ವಿಶೇಷ ದೋಷವೂ ಇಲ್ಲ.

ಪ್ರೋಟೀನಿಗೆ ಮಿತಿ ಏಕೆ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ಪ್ರತಿ ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳೆಂಬ ಸೋಸುವ ಘಟಕಗಳಿದ್ದು, ಕೆಲವು ನಾಶವಾದಾಗ ಉಳಿದವು ಅವುಗಳ ಕೆಲಸವನ್ನೂ ಹೊರುತ್ತವೆ. ಪ್ರೋಟೀನ್ ಹೆಚ್ಚಾದಷ್ಟೂ ಅವುಗಳೊಳಗಿನ ಒತ್ತಡ ಏರಿ, ಹೆಚ್ಚು ದುಡಿದವೇ ಬೇಗ ಸವೆಯುತ್ತವೆ ಎಂಬ ವಿವರಣೆಯನ್ನು 1982ರಲ್ಲಿ ಬ್ಯಾರಿ ಬ್ರೆನ್ನರ್ ಮತ್ತು ಅವರ ಸಂಗಡಿಗರು ಮುಂದಿಟ್ಟರು. ನಂತರದ ದಶಕಗಳಲ್ಲಿ ಎಷ್ಟು ಕಡಿತ ಮಾಡಿದರೆ ಎಷ್ಟು ಲಾಭ ಎಂಬ ಬಗ್ಗೆ ವಾದಗಳು ನಡೆದಿದ್ದರೂ ಮೂಲ ತಿಳಿವಳಿಕೆ ಹಾಗೆಯೇ ಉಳಿದಿದೆ.

ಆದರೆ ಇದೇ ಸಲಹೆ ಡಯಾಲಿಸಿಸ್‌ಗೆ ಒಳಗಾದವರಿಗೆ ತಿರುವುಮುರುವಾಗುತ್ತದೆ. ಪ್ರತಿ ಬಾರಿ ರಕ್ತ ಶುದ್ಧಿಯಾಗುವಾಗ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳು ಹಲವು ಗ್ರಾಂನಷ್ಟು ಡಯಾಲಿಸಿಸ್ ದ್ರವದೊಂದಿಗೆ ಹೊರಟುಹೋಗುವುದರಿಂದ ಅವರಿಗೆ ಕಿಲೋಗೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ನಾಲ್ಕನೆಯ ಹಂತದಲ್ಲಿ ‘ಮಾಂಸ ಕಡಿಮೆ ಮಾಡಿ’ ಎಂದು ಕೇಳಿದ ರೋಗಿ ಡಯಾಲಿಸಿಸ್ ಶುರುವಾದ ಮೇಲೂ ಅದೇ ಮಾತನ್ನು ನೆಚ್ಚಿಕೊಂಡು ಸೊರಗುವುದು ಅಪರೂಪವೇನಲ್ಲ. ಪತ್ರಿಕೆಯ ಒಂದು ಸಾಲಿನ ಸಲಹೆ ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಈಗ ಪ್ರಾಣಿಯ ಯಾವ ಭಾಗ ಎಂಬ ಪ್ರಶ್ನೆ. ಅಪರೂಪದ ಆಹಾರ ಎಂದಾಗ ದೂರದ ಕಾಡಿನ ಪ್ರಾಣಿಯನ್ನೇ ನೆನೆಯಬೇಕಾಗಿಲ್ಲ; ಪರಿಚಿತ ಪ್ರಾಣಿಯ ಅಪರಿಚಿತ ಭಾಗವೂ ಅಪರೂಪದ್ದೇ. ಲಿವರ್, ಮಿದುಳು, ಮೂತ್ರಪಿಂಡ, ಗುಲ್ಮ, ಮೀನಿನ ಮೊಟ್ಟೆ ಇವೆಲ್ಲ ಜೀವಕೋಶಗಳು ದಟ್ಟವಾಗಿರುವ ಭಾಗಗಳು. ಕೋಶ ದಟ್ಟವಾದಲ್ಲಿ ರಂಜಕವೂ ಹೆಚ್ಚು, ಯೂರಿಕ್ ಆಮ್ಲವಾಗಿ ಒಡೆಯುವ ಪ್ಯೂರಿನ್‌ಗಳೂ ಹೆಚ್ಚು. 100 ಗ್ರಾಂ ಸಾಮಾನ್ಯ ಮಾಂಸದಲ್ಲಿ ಸುಮಾರು 200 ಮಿಲಿಗ್ರಾಂ ರಂಜಕ ಇದ್ದರೆ ಅಷ್ಟೇ ಲಿವರ್‌ನಲ್ಲಿ 350 ಮಿಲಿಗ್ರಾಂಗೂ ಮೀರಬಹುದು. ಮಿದುಳೂ ಅದರ ಸಮೀಪಕ್ಕೇ ಬರುತ್ತದೆ, ಜೊತೆಗೆ ಕೊಲೆಸ್ಟರಾಲ್‌ನ ಭಾರವೂ ಇದೆ. ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳಲ್ಲಿ ರಂಜಕ ಇನ್ನೂ ಮೇಲೇರುತ್ತದೆ, ಏಕೆಂದರೆ ಮೂಳೆಯೇ ಸುಣ್ಣ (ಕ್ಯಾಲ್ಸಿಯಂ) ಮತ್ತು ರಂಜಕಗಳ ಗಟ್ಟಿ.

ರಂಜಕದ ಲೆಕ್ಕ ಏಕೆ ಇಷ್ಟು ಮುಖ್ಯ ಎಂದು ಕೇಳುವವರಿದ್ದಾರೆ. ಆರೋಗ್ಯವಂತರ ಮೂತ್ರಪಿಂಡ ಹೆಚ್ಚಾದ ರಂಜಕವನ್ನು ಸದ್ದಿಲ್ಲದೆ ಹೊರಹಾಕುತ್ತದೆ. ಕಾಯಿಲೆ ಮುಂದುವರಿದಂತೆ ಅದು ರಕ್ತದಲ್ಲೇ ಉಳಿದು, ಮೂಳೆಯಿಂದ ಸುಣ್ಣವನ್ನು ಸೆಳೆದು, ರಕ್ತನಾಳಗಳ ಗೋಡೆಯಲ್ಲಿ ಸುಣ್ಣಗಟ್ಟುವುದಕ್ಕೆ ದಾರಿ ಮಾಡುತ್ತದೆ. ಮೈ ತುರಿಕೆಯೂ ಇದರ ಜೊತೆಗಾರ. ಯಂತ್ರದಲ್ಲಿ ರಕ್ತ ಸೋಸುವ ನಾಲ್ಕು ಗಂಟೆಯ ಒಂದು ಹೀಮೋಡಯಾಲಿಸಿಸ್‌ನಲ್ಲಿ ಹೊರಹೋಗುವ ರಂಜಕ ಸುಮಾರು 800ರಿಂದ 1000 ಮಿಲಿಗ್ರಾಂ. ವಾರಕ್ಕೆ ಮೂರು ಸಲವೆಂದರೆ ಹೆಚ್ಚೆಂದರೆ 3000. ದಿನಕ್ಕೆ 1000 ಮಿಲಿಗ್ರಾಂ ರಂಜಕವಿರುವ ಮಿತಾಹಾರದಲ್ಲಿ ನೂರರಲ್ಲಿ ಅರವತ್ತು ಪಾಲು ಮಾತ್ರ ದೇಹಕ್ಕೆ ಹೀರಲ್ಪಟ್ಟಿತು ಎಂದುಕೊಂಡರೂ ವಾರಕ್ಕೆ 4200 ಆಗುತ್ತದೆ. ಯಂತ್ರಕ್ಕೆ ಈ ಸಾಲ ತೀರಿಸಲು ಆಗುವುದಿಲ್ಲ. ಆದ್ದರಿಂದಲೇ ಊಟದ ಜೊತೆ ರಂಜಕವನ್ನು ಹಿಡಿದಿಡುವ ಮಾತ್ರೆಗಳನ್ನು ಕೊಡುತ್ತಾರೆ. ಲಿವರ್ ತಿಂದ ದಿನ ಆ ಮಾತ್ರೆ ಮರೆತರೆ ಮರುವಾರದ ರಕ್ತಪರೀಕ್ಷೆ ಅದನ್ನು ನೆನಪಿಸುತ್ತದೆ.

ಲಿವರ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ, ಅದನ್ನು ಹೇಳುವವರು ಕಡಿಮೆ. ಎ ಜೀವಸತ್ವ ಪ್ರಾಣಿಗಳ ಲಿವರ್‌ನಲ್ಲಿ ಶೇಖರವಾಗಿರುತ್ತದೆ: 100 ಗ್ರಾಂ ಕುರಿಯ ಲಿವರ್‌ನಲ್ಲಿ ಸುಮಾರು 7000 ಮೈಕ್ರೋಗ್ರಾಂ. ವಯಸ್ಕರು ದಿನನಿತ್ಯ ತೆಗೆದುಕೊಳ್ಳಬಹುದಾದ ಗರಿಷ್ಠ ಮಿತಿಯೇ 3000. ಮೂತ್ರಪಿಂಡ ಸೋತಾಗ ಈ ಜೀವಸತ್ವವನ್ನೂ ಅದನ್ನು ಹೊತ್ತು ತಿರುಗುವ ಪ್ರೋಟೀನನ್ನೂ ದೇಹ ಸರಿಯಾಗಿ ವಿಲೇವಾರಿ ಮಾಡಲಾಗದೆ ರಕ್ತದಲ್ಲಿ ಅವುಗಳ ಮಟ್ಟ ಮೊದಲೇ ಏರಿರುತ್ತದೆ. ಅಂಥವರು ಲಿವರ್ ಅನ್ನು ವಾರಕ್ಕೆ ಹಲವು ಸಲ ತಿನ್ನುವುದು, ಅಥವಾ ಮೀನಿನ ಲಿವರ್ ಎಣ್ಣೆಯನ್ನು ದಿನವೂ ಕುಡಿಯುವುದು, ಮೂಳೆ ಮತ್ತು ಯಕೃತ್ತು ಎರಡಕ್ಕೂ ಕೆಡುಕು. ಹಿಮಕರಡಿಯ ಲಿವರ್ ತಿಂದವರು ಕಾಯಿಲೆ ಬೀಳುತ್ತಾರೆಂಬುದು ಉತ್ತರ ಧ್ರುವದ ಬೇಟೆಗಾರರಿಗೆ ಬಹಳ ಹಿಂದೆಯೇ ಗೊತ್ತಿತ್ತು. 1913ರಲ್ಲಿ ಅಂಟಾರ್ಕ್ಟಿಕಾದಲ್ಲಿ ಅನ್ವೇಷಕ ಡಗ್ಲಾಸ್ ಮಾಸನ್ ಜೊತೆ ಹಸಿವಿನಿಂದ ಜಾರುಬಂಡಿ ಎಳೆಯುವ ನಾಯಿಗಳ ಲಿವರ್ ತಿಂದು ಮಡಿದ ಕ್ಸೇವಿಯರ್ ಮೆರ್ಟ್ಸ್ ಅವರ ಸಾವಿಗೂ ಇದೇ ಕಾರಣವಿರಬಹುದೆಂದು ನಂತರದ ತಜ್ಞರು ಊಹಿಸಿದ್ದಾರೆ. ತಿಂಗಳಿಗೊಮ್ಮೆ ಎರಡು ತುಂಡು ಲಿವರ್ ತಿನ್ನುವವರನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಜೀವಸತ್ವವೆಂದ ಮಾತ್ರಕ್ಕೆ ಅದು ಎಷ್ಟಾದರೂ ಹಿತವೆಂದು ಬರೆಯುವವರು ಇದನ್ನು ನೆನಪಿಡಲಿ ಎಂದಷ್ಟೇ.

ಪ್ರಾಣಿಯ ಮೂತ್ರಪಿಂಡ ತಿಂದರೆ ಮನುಷ್ಯನ ಮೂತ್ರಪಿಂಡ ಚೇತರಿಸುತ್ತದೆ ಎಂಬ ನಂಬಿಕೆ ಹಲವು ನಾಡುಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಕಾಣಿಸುತ್ತದೆ. ಮನುಷ್ಯನಿಗೆ ಹೊಸ ನೆಫ್ರಾನ್‌ಗಳು ಹುಟ್ಟುವುದು ತಾಯಿಯ ಗರ್ಭದಲ್ಲಿ, ಬಸಿರಿನ ಮೂವತ್ತಾರನೆಯ ವಾರದ ಸುಮಾರಿಗೆ ಆ ಕೆಲಸ ನಿಂತುಹೋಗುತ್ತದೆ. ಆ ಮೇಲೆ ಯಾವ ಆಹಾರವೂ, ಯಾವ ಔಷಧವೂ ಹೊಸದೊಂದನ್ನು ಹುಟ್ಟಿಸಿಲ್ಲ. ತಿಂದ ಮೂತ್ರಪಿಂಡ ಹೊಟ್ಟೆಯಲ್ಲಿ ಬೇರೆ ಮಾಂಸದಂತೆಯೇ ಅಮೈನೋ ಆಮ್ಲಗಳಾಗಿ ಕರಗುತ್ತದೆ. ಆದರೆ ಅದರೊಳಗಿನ ಕ್ಯಾಡ್ಮಿಯಂ ಹಾಗೆ ಕರಗಿಹೋಗುವುದಿಲ್ಲ. ಮೇವು, ನೀರು, ಮಣ್ಣಿನ ಮೂಲಕ ಪ್ರಾಣಿಯ ದೇಹ ಸೇರುವ ಈ ಭಾರಲೋಹ ಬಹುಕಾಲ ಕೂಡಿಕೊಳ್ಳುವುದು ಮೂತ್ರಪಿಂಡದಲ್ಲೇ. ಮುದಿ ಪ್ರಾಣಿಯಲ್ಲಿ, ಅದರಲ್ಲೂ ಕುದುರೆಯಂಥ ದೀರ್ಘಾಯುಷಿಗಳಲ್ಲಿ, ಅದರ ಪ್ರಮಾಣ ಹೆಚ್ಚು. ಮನುಷ್ಯನ ದೇಹ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು, ಅದೂ ಹೋಗಿ ಕೂರುವುದು ಮೂತ್ರಪಿಂಡದ ನಾಳಗಳಲ್ಲಿ. ಮೂತ್ರಪಿಂಡವನ್ನು ಬಲಪಡಿಸಲೆಂದು ತಿಂದದ್ದೇ ಅದಕ್ಕೆ ಹೊರೆಯಾಗುವ ಇಂಥ ವಿಪರ್ಯಾಸವನ್ನು ಆರೋಗ್ಯ ಪುಟಗಳಲ್ಲಿ ನಾನು ಓದಿಲ್ಲ.

ಇವೆಲ್ಲವೂ ಮಿತಿಯ ಮಾತಾದವು. ಮಿತಿಯ ಪ್ರಶ್ನೆಯೇ ಇಲ್ಲದೆ, ಒಂದೇ ಒಂದು ಸಲವೂ ಬಾಯಿಗೆ ಹಾಕಬಾರದ ವಸ್ತುವೊಂದಿದೆ. ಅದು ಮೀನಿನ ಪಿತ್ತಕೋಶ. ಕಾರ್ಪ್ ಜಾತಿಯ ಸಿಹಿನೀರು ಮೀನುಗಳ ಪಿತ್ತವನ್ನು ಕಣ್ಣಿನ ದೃಷ್ಟಿಗೆ, ಕೀಲುನೋವಿಗೆ, ಸಕ್ಕರೆ ಕಾಯಿಲೆಗೆ ಔಷಧವೆಂದು ಹಸಿಯಾಗಿ ನುಂಗುವವರು ಏಷ್ಯಾದ ಹಲವು ದೇಶಗಳಲ್ಲಿದ್ದಾರೆ. ಈ ಪಿತ್ತದಲ್ಲಿರುವ ಸಿಪ್ರಿನಾಲ್ ಸಲ್ಫೇಟ್ ಎಂಬ ವಸ್ತು ಮೂತ್ರಪಿಂಡದ ನಾಳಗಳಿಗೂ ಯಕೃತ್ತಿಗೂ ನೇರವಾದ ವಿಷ. ನುಂಗಿದ ಕೆಲವೇ ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತವೆ. ಅದನ್ನು ಊಟದ ಕೆಡುಕೆಂದು ತಿಳಿದು ಮನೆಯಲ್ಲೇ ಉಳಿದವರಿಗೆ ಒಂದೆರಡು ದಿನ ಕಳೆದಾಗ ಕಣ್ಣು ಹಳದಿಯಾಗಿ ಮೂತ್ರ ಇಳಿಮುಖವಾಗುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆಂಬುದೂ ಸುಳ್ಳು. ಬಿಸಿಗೆ ಅದು ನಾಶವಾಗುವುದಿಲ್ಲ. ಚೀನಾ, ತೈವಾನ್, ಜಪಾನ್, ವಿಯೆಟ್ನಾಂ, ಭಾರತಗಳ ವೈದ್ಯರು ಇಂಥ ರೋಗಿಗಳ ವಿವರಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ 1995ರಲ್ಲಿ ಹಸಿ ಕಾರ್ಪ್ ಪಿತ್ತಕೋಶ ತಿಂದು ಯಕೃತ್ತು ಮತ್ತು ಮೂತ್ರಪಿಂಡ ಎರಡೂ ಕೈಕೊಟ್ಟ ಪ್ರಕರಣಗಳನ್ನು ಪ್ರಕಟಿಸಿತ್ತು. ಇದಕ್ಕೆ ಪ್ರತಿವಿಷವಿಲ್ಲ. ಕೆಲವು ಕಾಲ ಡಯಾಲಿಸಿಸ್ ಮಾಡಿ ಮೂತ್ರಪಿಂಡ ಚೇತರಿಸಿಕೊಳ್ಳುವವರೆಗೆ ಕಾಯುವುದೇ ಚಿಕಿತ್ಸೆ. ಮೊದಲು ಆರೋಗ್ಯವಂತರಾಗಿದ್ದವರು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮೂತ್ರಪಿಂಡದ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಉಳಿದವರಿಗೆ ಚೇತರಿಸಿಕೊಳ್ಳಲು ಏನು ಮಿಕ್ಕಿರುತ್ತದೆ? ಹಾವು ಮತ್ತಿತರ ಪ್ರಾಣಿಗಳ ಪಿತ್ತವನ್ನು ಮದ್ದೆಂದು ಕೊಡುವವರ ಮಾತನ್ನೂ ಇದೇ ಕಾರಣಕ್ಕೆ ದೂರವಿಡಬೇಕು. ಮೀನನ್ನು ಶುಚಿ ಮಾಡುವಾಗ ಪಿತ್ತಕೋಶ ಒಡೆಯದಂತೆ ತೆಗೆದು ಎಸೆಯುವುದು ಕಹಿಯ ಕಾರಣಕ್ಕೆ ಮಾತ್ರವಲ್ಲ ಎಂಬುದನ್ನು ತಮ್ಮ ಪತ್ರಿಕೆ ಒಮ್ಮೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದರೆ ಉಪಕಾರವಾದೀತು.

ಸಂಸ್ಕರಣೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಜೆಲ್ಲಿ ಮೀನನ್ನೇ ತೆಗೆದುಕೊಳ್ಳಿ. ಅದರಲ್ಲಿ ಬಹುಪಾಲು ನೀರು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ರಂಜಕವೂ ಅಲ್ಪ. ಕಾಗದದ ಮೇಲೆ ಮೂತ್ರಪಿಂಡ ರೋಗಿಗೆ ಹೇಳಿ ಮಾಡಿಸಿದ ಆಹಾರದಂತೆ ತೋರುತ್ತದೆ. ಆದರೆ ಅದು ಕೆಡದಂತೆ ಉಳಿಯಲು, ಗರಿಗರಿಯಾಗಲು ಉಪ್ಪಿನ ಜೊತೆ ಪಟಿಕವನ್ನು ಹಚ್ಚಿ ಒಣಗಿಸುವುದು ರೂಢಿ. ಪಟಿಕವೆಂದರೆ ಅಲ್ಯೂಮಿನಿಯಂ ಲವಣ. ಆರೋಗ್ಯವಂತರು ಅದನ್ನು ಮೂತ್ರದಲ್ಲಿ ಹೊರಹಾಕಿಬಿಡುತ್ತಾರೆ, ಮೂತ್ರಪಿಂಡ ಸೋತವರಲ್ಲಿ ಅದು ಮೂಳೆಯಲ್ಲೂ ಮಿದುಳಿನಲ್ಲೂ ನಿಲ್ಲುತ್ತದೆ. ಡಯಾಲಿಸಿಸ್‌ನ ಆರಂಭದ ದಶಕಗಳಲ್ಲಿ ನೀರು ಮತ್ತು ಮಾತ್ರೆಗಳಲ್ಲಿದ್ದ ಅಲ್ಯೂಮಿನಿಯಂನಿಂದ ರೋಗಿಗಳಿಗೆ ಮರೆಗುಳಿತನ ಹಾಗೂ ಮೂಳೆ ಸವೆತ ಬಂದದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ಶೀತಲೀಕರಿಸಿದ ಸಿಗಡಿ, ಬೊಂಡಾಸ್ ಮುಂತಾದವುಗಳ ತೂಕ ಇಳಿಯದಿರಲೆಂದು ಫಾಸ್ಫೇಟ್ ದ್ರಾವಣದಲ್ಲಿ ಅದ್ದುವುದೂ ಉಂಟು. ಮಾಂಸದಲ್ಲಿ ಸಹಜವಾಗಿರುವ ರಂಜಕದಲ್ಲಿ ನೂರಕ್ಕೆ ಹೆಚ್ಚೆಂದರೆ ಅರವತ್ತು ಪಾಲು ದೇಹಕ್ಕೆ ಸೇರಿದರೆ, ಹೊರಗಿನಿಂದ ಸೇರಿಸಿದ ಫಾಸ್ಫೇಟ್ ತೊಂಬತ್ತು ಪಾಲಿಗೂ ಮೇಲೆ ಸೇರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ 450, 451, 452 ಎಂಬ ಸಂಖ್ಯೆಗಳು ಕಂಡರೆ ಅದು ಫಾಸ್ಫೇಟ್ ಎಂದು ಅರ್ಥ. ಕಣ್ಣು ಮಂದವಾದವರಿಗೆ ಆ ಸಂಖ್ಯೆ ಓದಲು ಭೂತಗನ್ನಡಿಯೇ ಬೇಕಾಗುತ್ತದೆ ಎಂಬುದು ಬೇರೆ ದೂರು.

ಬೇಟೆಯ ಮಾಂಸದ ಬಗ್ಗೆ ಎರಡು ಮಾತು. ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಯನ್ನು ಔಷಧದ ನೆಪದಲ್ಲಿ ತಿನ್ನುವುದು ಅಪರಾಧವಾಗಿಯೇ ಉಳಿಯುತ್ತದೆ, ಅದನ್ನು ಚರ್ಚಿಸಬೇಕಾದ್ದಿಲ್ಲ. ಕಾನೂನು ಒಪ್ಪುವ ಕಡೆಗಳಲ್ಲೂ ಸೀಸದ ಗುಂಡಿನಿಂದ ಹೊಡೆದ ಪ್ರಾಣಿಯ ಮಾಂಸದಲ್ಲಿ ಗುಂಡಿನ ಸೂಕ್ಷ್ಮ ಚೂರುಗಳು ಗಾಯದಿಂದ ಬಹುದೂರದವರೆಗೆ ಹರಡಿರುತ್ತವೆ. ಹುಳಿಯಲ್ಲಿ ನೆನೆಹಾಕಿದರೆ ಸೀಸ ಇನ್ನಷ್ಟು ಕರಗಿ ಮಾಂಸಕ್ಕೆ ಇಳಿಯುತ್ತದೆ. ಸೀಸವೂ ಕ್ಯಾಡ್ಮಿಯಂನಂತೆ ಮೂತ್ರಪಿಂಡದ ಹಳೆಯ ವೈರಿ. ಸಮುದ್ರದ ಕಡೆಗೆ ಬಂದರೆ ಶಾರ್ಕ್, ಕತ್ತಿಮೀನುಗಳಂಥ ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಕೂಡಿಕೊಂಡಿರುತ್ತದೆ. ಸಣ್ಣ ಮೀನೇ ಮೇಲು, ಮುಳ್ಳು ತೆಗೆದು ತಿಂದರೆ.

ಕೀಟಗಳ ವಿಚಾರದಲ್ಲಿ ನನಗೆ ಹೆಚ್ಚಿನವರಿಗಿರುವ ಅಸಹ್ಯವಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರ ವರದಿಯಲ್ಲಿ ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಜಾತಿಯ ಕೀಟಗಳನ್ನು ಜನ ಆಹಾರವಾಗಿ ಬಳಸುತ್ತಾರೆಂದು ಹೇಳಿದೆ. ಯುರೋಪಿನ ಒಕ್ಕೂಟ 2021ರಲ್ಲಿ ಒಣಗಿಸಿದ ಹಳದಿ ಹಿಟ್ಟಿನ ಹುಳುವಿಗೆ ಅನುಮತಿ ಕೊಟ್ಟಿತು. ಪರಿಸರದ ದೃಷ್ಟಿಯಿಂದ ಅದು ಒಳ್ಳೆಯ ದಾರಿಯೇ ಇರಬಹುದು. ಆದರೆ ಒಣಪುಡಿ ಎಂದರೆ ನೀರೆಲ್ಲ ತೆಗೆದ ಸಾಂದ್ರ ವಸ್ತು: ಪ್ರೋಟೀನ್, ರಂಜಕ, ಪೊಟ್ಯಾಸಿಯಂ ಮೂರೂ ಒಂದೆರಡು ಚಮಚದಲ್ಲೇ ಒಟ್ಟಾಗಿ ಬರುತ್ತವೆ. ಕೀಟದ ಹೊರಕವಚದ ಕೈಟಿನ್‌ನಲ್ಲೂ ಸಾರಜನಕ ಇರುವುದರಿಂದ ಸಾರಜನಕವನ್ನು 6.25ರಿಂದ ಗುಣಿಸುವ ರೂಢಿಯ ಲೆಕ್ಕ ಪ್ರೋಟೀನನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂಬುದು ಇನ್ನೊಂದು ಸೂಕ್ಷ್ಮ. ಗ್ರಾಂ ಲೆಕ್ಕದಲ್ಲಿ ಬದುಕುವವರಿಗೆ ಪೊಟ್ಟಣದ ಮೇಲಿನ ಅಂಕಿಯೇ ನೆಚ್ಚಿಗೆಯದಲ್ಲ. ಸಿಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದು, ಏಕೆಂದರೆ ಅಲರ್ಜಿ ತರುವ ಪ್ರೋಟೀನ್ ಎರಡರಲ್ಲೂ ಹತ್ತಿರದ್ದು.

ಮೂಳೆ ಸೂಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಂಟೆಗಟ್ಟಲೆ ಕುದಿಸಿದ ಸೂಪಿನಲ್ಲಿ ಸುಣ್ಣ ಜನ ಎಣಿಸಿದಷ್ಟು ಇಳಿಯುವುದಿಲ್ಲ, ಇಳಿಯುವುದು ಜೆಲಟಿನ್. ಅದರಲ್ಲಿ ದೇಹಕ್ಕೆ ಅಗತ್ಯವಾದ ಟ್ರಿಪ್ಟೋಫಾನ್ ಇಲ್ಲವೇ ಇಲ್ಲವಾದ್ದರಿಂದ ಅದು ಅಪೂರ್ಣ ಪ್ರೋಟೀನ್. ಅದರಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲಿನ್ ದೇಹದಲ್ಲಿ ಭಾಗಶಃ, ಕಲ್ಲು ಕಟ್ಟುವ ಆಕ್ಸಲೇಟ್ ಆಗಿ ಮಾರ್ಪಡುತ್ತದೆ. ಮೂತ್ರದ ಕಲ್ಲಿನ ತೊಂದರೆ ಇರುವವರು ಇದನ್ನು ಗಮನಿಸಬೇಕು. ಚರ್ಮ ಹೊಳೆಯಲೆಂದು ಮಾರುವ ಕೊಲಾಜೆನ್ ಪುಡಿಗೂ ಇದೇ ಮಾತು ಸಲ್ಲುತ್ತದೆ. ಉಪ್ಪು ಮತ್ತು ನೀರಿನ ಮಿತಿ ಇರುವ ರೋಗಿಗೆ ಒಂದು ಬಟ್ಟಲು ಸೂಪ್ ಆ ದಿನದ ನೀರಿನ ಪಾಲಿನಲ್ಲಿ ದೊಡ್ಡ ಭಾಗವನ್ನೇ ನುಂಗಿಬಿಡುತ್ತದೆ.

ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಸ್ಥಿತಿ ಮತ್ತೆ ಬೇರೆ. ಅವರ ಹೊಸ ಮೂತ್ರಪಿಂಡ ರಂಜಕವನ್ನೂ ಪೊಟ್ಯಾಸಿಯಂ ಅನ್ನೂ ಚೆನ್ನಾಗಿ ನಿಭಾಯಿಸುವುದರಿಂದ, ಇನ್ನು ಏನು ಬೇಕಾದರೂ ತಿನ್ನಬಹುದೆಂಬ ಉತ್ಸಾಹ ಬರುವುದು ಸಹಜ. ಆದರೆ ದೇಹ ಅದನ್ನು ತಿರಸ್ಕರಿಸದಿರಲೆಂದು ನುಂಗುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರುತ್ತವೆ. ಸರಿಯಾಗಿ ಬೇಯದ ಹಂದಿ, ಕಾಡುಹಂದಿ, ಜಿಂಕೆಯ ಮಾಂಸದಿಂದ, ಅದರಲ್ಲೂ ಹಂದಿಯ ಲಿವರ್‌ನಿಂದ ಹೆಪಟೈಟಿಸ್ ಇ ವೈರಾಣು ಬರಬಹುದು. ಇತರರಲ್ಲಿ ಕೆಲವು ವಾರಗಳಲ್ಲಿ ಇಳಿದುಹೋಗುವ ಈ ಸೋಂಕು ಕಸಿಯಾದವರಲ್ಲಿ ದೀರ್ಘಕಾಲ ಬೇರೂರಿ ಯಕೃತ್ತನ್ನು ಗಟ್ಟಿಗಟ್ಟಿಸಬಲ್ಲದೆಂದು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಹಸಿ ಸಿಂಪಿಯಲ್ಲಿರಬಹುದಾದ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇಂಥವರ ರಕ್ತಕ್ಕೆ ಸೇರಿದರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಬರುತ್ತದೆ. ಬೇಯದ ಬಸವನಹುಳುವಿನಲ್ಲಿ ಮಿದುಳಿನ ಪೊರೆಗೆ ಉರಿಯೂತ ತರುವ ಪರೋಪಜೀವಿ ಹುಳುವಿರಬಹುದು. ಕಸಿಯಾದವರಿಗೆ ನಿಯಮ ಸರಳ: ಪ್ರಾಣಿ ಯಾವುದಾದರೂ ಆಗಲಿ, ಒಳಗಿನ ತಿರುಳಿನವರೆಗೆ ಬೆಂದಿರಬೇಕು, ಹಸಿ ರಕ್ತ, ಹಸಿ ಮೊಟ್ಟೆ, ಕಾಯಿಸದ ಹಾಲು ಬೇಡ.

ಇಷ್ಟೆಲ್ಲ ಓದಿದವರಿಗೆ, ಹಾಗಾದರೆ ಏನೂ ತಿನ್ನಬಾರದೇ ಎನ್ನಿಸೀತು. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧವಾದದ್ದು. ಮೂತ್ರಪಿಂಡ ಕಾಯಿಲೆಯವರಿಗೆ ಹಸಿವು ಸತ್ತಿರುತ್ತದೆ, ನಾಲಿಗೆಗೆ ಲೋಹದ ರುಚಿ ಅಂಟಿರುತ್ತದೆ, ಬೇಡವೆಂಬ ಪಟ್ಟಿ ಪ್ರತಿ ಭೇಟಿಗೂ ಉದ್ದವಾಗುತ್ತದೆ. ಹೊಸ ರುಚಿಯೊಂದು ಊಟದ ಆಸೆಯನ್ನು ಮರಳಿ ತಂದರೆ ಅದು ಸಣ್ಣ ಲಾಭವಲ್ಲ. ಚೆನ್ನಾಗಿ ಬೇಯಿಸಿದ 50 ಗ್ರಾಂ ಮೊಲದ ಮಾಂಸವನ್ನೋ, ತೊಳೆದು ಉಪ್ಪಿಲ್ಲದೆ ಬೇಯಿಸಿದ ಏಡಿಯನ್ನೋ ತಿಂದು ಸಂತೋಷಪಟ್ಟವರು ಅಂದಿನ ಉಳಿದ ಪ್ರೋಟೀನಿನಲ್ಲಿ ಅಷ್ಟನ್ನು ಕಳೆದರೆ ಮುಗಿಯಿತು. ಹಕ್ಕಿಗಳ ಮೊಟ್ಟೆಯಲ್ಲೂ ಹಾಗೆಯೇ: ಬಾತುಕೋಳಿಯದ್ದಾಗಲಿ ಗೌಜಲಹಕ್ಕಿಯದ್ದಾಗಲಿ, ರಂಜಕವೆಲ್ಲ ಹಳದಿಯಲ್ಲಿ ಅಡಗಿರುತ್ತದೆ, ಬಿಳಿಯ ಭಾಗದಲ್ಲಿ ಉತ್ತಮ ಪ್ರೋಟೀನ್ ಇದ್ದು ರಂಜಕ ನಗಣ್ಯ. ಡಯಾಲಿಸಿಸ್‌ನಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿಜನ್ಯ ಆಹಾರವನ್ನು ನಾನು ಕಂಡಿಲ್ಲ, ಅದರಲ್ಲಿ ಅಪರೂಪವೇನೂ ಇಲ್ಲದಿದ್ದರೂ.

ವೈದ್ಯರಲ್ಲಿಯೂ ಒಂದು ವಿನಂತಿಯಿದೆ. ರೋಗಿ ಅಳುಕುತ್ತ ‘ಇಂಥದ್ದನ್ನು ತಿಂದೆ’ ಎಂದಾಗ ನಗುವುದಾಗಲಿ ಗದರುವುದಾಗಲಿ ಮಾಡಿದರೆ, ಆತ ಮುಂದಿನ ಸಲ ಹೇಳುವುದಿಲ್ಲ. ಪಿತ್ತ ನುಂಗಿದ ರೋಗಿಗಳಲ್ಲಿ ಕಾಯಿಲೆಯ ಮೂಲ ತಿಳಿಯಲು ತಡವಾಗುವುದಕ್ಕೆ ಆ ಮೌನವೂ ಒಂದು ಕಾರಣವಾಗಬಲ್ಲದು. ಪರೀಕ್ಷೆಯ ವರದಿ ಓದುವಾಗಲೂ ಈ ಮಾತು ಬೇಕಾಗುತ್ತದೆ: ಬೇಯಿಸಿದ ಮಾಂಸದಲ್ಲಿ ಕ್ರಿಯೇಟಿನ್ ಎಂಬುದು, ಮೂತ್ರಪಿಂಡದ ಕೆಲಸ ಅಳೆಯಲು ರಕ್ತದಲ್ಲಿ ನೋಡುವ ಕ್ರಿಯೇಟಿನೈನ್ ಆಗಿ ಬದಲಾಗಿರುವುದರಿಂದ, ಹಿಂದಿನ ಹೊತ್ತು ಹೊಟ್ಟೆ ತುಂಬ ಮಾಂಸ ತಿಂದವರ ರಕ್ತದಲ್ಲಿ ಕ್ರಿಯೇಟಿನೈನ್ ತಾತ್ಕಾಲಿಕವಾಗಿ ಏರಿ, ಮೂತ್ರಪಿಂಡ ಇನ್ನಷ್ಟು ಕೆಟ್ಟಂತೆ ತೋರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪರೀಕ್ಷೆಗೆ ಮೊದಲಿನ 12 ಗಂಟೆ ಮಾಂಸ ತಿನ್ನಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಪ್ರಯೋಗಾಲಯಗಳು ಸಕ್ಕರೆ ಪರೀಕ್ಷೆಗೆ ಉಪವಾಸ ಹೇಳುವಂತೆ ಇದನ್ನೂ ಹೇಳಿದರೆ ಎಷ್ಟೋ ಮನೆಗಳಲ್ಲಿ ವೃಥಾ ಗಾಬರಿ ತಪ್ಪುತ್ತದೆ.

ಜಗತ್ತಿನಲ್ಲಿ ಒಂದಲ್ಲ ಒಂದು ಬಗೆಯ ಮೂತ್ರಪಿಂಡ ಕಾಯಿಲೆ ಇರುವವರು ಸುಮಾರು 85 ಕೋಟಿ ಎಂದು ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘಗಳು ಅಂದಾಜಿಸಿವೆ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಕಾಯಿಲೆ ಇದೆಯೆಂಬುದೇ ತಿಳಿದಿರುವುದಿಲ್ಲ. ಹಾಗಿರುವಾಗ ಆಹಾರದ ಪುಟದಲ್ಲಿ ಯಾವುದೋ ಪ್ರಾಣಿಯ ಯಾವುದೋ ಭಾಗ ಶಕ್ತಿವರ್ಧಕವೆಂದು ಬರೆದರೆ ಅದನ್ನು ಓದುವವರಲ್ಲಿ ಅವರೂ ಇರುತ್ತಾರೆ. ಆದ್ದರಿಂದ ಇಂಥ ಬರಹಗಳನ್ನು ಪ್ರಕಟಿಸುವಾಗ ಆ ಆಹಾರದ 100 ಗ್ರಾಂನಲ್ಲಿ ಪ್ರೋಟೀನ್, ರಂಜಕ, ಪೊಟ್ಯಾಸಿಯಂ, ಸೋಡಿಯಂ ಎಷ್ಟೆಂಬುದನ್ನು ಕೆಳಗೆ ನಾಲ್ಕು ಅಂಕಿಗಳಲ್ಲಿ ಕೊಡುವಂತೆಯೂ, ‘ಮೂತ್ರಪಿಂಡಕ್ಕೆ ಒಳ್ಳೆಯದು’ ಎಂಬ ಮಾತನ್ನು ಬರೆದವರು ಯಾವ ಹಂತದ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆಂದು ಕೇಳುವಂತೆಯೂ ತಮ್ಮಲ್ಲಿ ಕೋರುತ್ತೇನೆ. ಉತ್ತರ ಕೊಡಲಾಗದವರ ಲೇಖನವನ್ನು ಹಿಂದಿರುಗಿಸಿದರೆ ಓದುಗರಿಗೆ ನಷ್ಟವೇನೂ ಆಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಮೂತ್ರಪಿಂಡ ಕಾಯಿಲೆಯೊಂದಿಗೆ ಬದುಕುತ್ತಿರುವ ಒಬ್ಬ ಓದುಗ